ಯಾರ ಮನೆಯವನು?

ನೀಡರ್‌ಹೋಫನ್
೧೪ ಮೇ ೧೯೯೭

ಪ್ರೀತಿಯ ಉಲ್ರಿಕೆ,

ನಾವೆಲ್ಲ ಭಾನುವಾರ ಸುಖವಾಗಿ ಊರು ಸೇರಿದೆವು. ದಾರಿಯಲ್ಲಿ ರಸ್ತೆ ಕೆಲಸ ನಡೆಯುತ್ತಿದ್ದುದರಿಂದ ಸ್ವಲ್ಪ ತಡವಾಯಿತು. ಉಳಿದಂತೆ ನಮ್ಮ ಹಾಡುಗಾರರ ಸಂಘದ ಈ ವರ್ಷದ ಪ್ರವಾಸ ಚೆನ್ನಾಗಿಯೇ ನಡೆಯಿತೆಂದು ಎಲ್ಲರ ಅಭಿಪ್ರಾಯ. ಮೊನ್ನೆಮೊನ್ನೆಯವರೆಗೆ ಬೇರೆ ದೇಶವಾಗಿದ್ದ ಪೂರ್ವದ ಊರೆಂದರೆ ಮಸಿ ಹಿಡಿದ ಗೋಡೆ, ಕುಸಿದ ಛಾವಣಿ ಎಂದುಕೊಂಡು ಹೋದವರು ವೈಡೆನ್‌ಶ್ಟೆಟ್‌ನ ಮರದ ತೊಲೆಯ ಮನೆಗಳನ್ನೂ ಕೋಟೆಗೋಡೆಯನ್ನೂ ಕಂಡು ಮಾತು ನಿಲ್ಲಿಸಿದರು. ಇಂಥ ಊರಿನ ಹೆಸರನ್ನೇ ಇಷ್ಟು ದಿನ ಕೇಳಿರಲಿಲ್ಲವಲ್ಲ ಎಂದು ಬಸ್ಸಿನಲ್ಲಿ ಅದೇ ಮಾತು.

ಶನಿವಾರ ನಿನ್ನೊಡನೆ ಮಾತನಾಡಲು ಅನುಕೂಲವಾಗಲಿಲ್ಲ. ಊಟಕ್ಕೆ ಮೊದಲೇ ಹೇಳಿಟ್ಟಿದ್ದರು. ಬಸ್ಸಿನ ಚಾಲಕನಿಗೆ ವಿಶ್ರಾಂತಿಯ ನಿಯಮಗಳಿರುತ್ತವೆ. ಸಂಘದ ಉಪಾಧ್ಯಕ್ಷನಾಗಿ ಹಿಂದುಳಿದವರನ್ನು ಕೂಡಿಸಿಕೊಂಡು ಬರುವ ಹೊಣೆಯೂ ನನ್ನದೇ. ನೀನೂ ಕೆಲಸದಲ್ಲಿದ್ದೆ. ಅಷ್ಟು ಜನರ ನಡುವೆ ಅದು ತಕ್ಕ ಸಂದರ್ಭವಲ್ಲ ಎಂದುಕೊಂಡೆ. ನಿನಗೂ ಹಾಗೆಯೇ ಅನ್ನಿಸಿರಬೇಕು ಎಂದು ನನ್ನ ಭಾವನೆ.

ನೀನು ತೆಳ್ಳಗಾಗಿದ್ದೀಯ. ಆ ಮರದ ಪಾದರಕ್ಷೆ ತೊಟ್ಟು ದಿನವೆಲ್ಲ ಕಲ್ಲುಹಾಸಿನ ಮೇಲೆ ನಡೆಯುವುದು ಕಾಲಿಗೆ ಒಳ್ಳೆಯದಲ್ಲ.

ಫೋನ್ ಮಾಡಿದರೆ ನೀನು ಎತ್ತುವುದಿಲ್ಲವಾದ್ದರಿಂದ ಬರೆಯುತ್ತಿದ್ದೇನೆ.

ನಿನ್ನ ತಂದೆ
ರೈನ್‌ಹೋಲ್ಡ್ ಕ್ನಾಪ್


ವೈಡೆನ್‌ಶ್ಟೆಟ್
೯ ಜೂನ್ ೧೯೯೭

ಮಾನ್ಯ ಕ್ನಾಪ್ ಅವರಿಗೆ,

ನಿಮ್ಮ ಪತ್ರ ತಲುಪಿತು. ನಮ್ಮ ಊರು ನಿಮ್ಮ ಸಂಘಕ್ಕೆ ಮೆಚ್ಚುಗೆಯಾದುದು ಸಂತೋಷ.

ಅಂದು ಚೌಕದ ನೀರಿನ ತೊಟ್ಟಿಯ ಬಳಿ ನೀವು ನನ್ನನ್ನು ಒಂದು ಪ್ರಶ್ನೆ ಕೇಳಿದಿರಿ. ಗುಂಪಿನ ಗದ್ದಲದಲ್ಲಿ ಉತ್ತರಿಸಲಾಗಲಿಲ್ಲ. "ನೀವು ಇದೇ ಊರಿನವರಾ?" ಎಂದು ಕೇಳಿದಿರಿ.

ಅಲ್ಲ. ನಾನು ಹುಟ್ಟಿದ್ದು ದಕ್ಷಿಣದಲ್ಲಿ, ಒಂದು ಶಾಲೆಯ ಹಿಂದಿದ್ದ ಮೇಷ್ಟರ ಮನೆಯಲ್ಲಿ. ತಾಯಿಯ ಹೆಸರು ಲೋರೆ. ಈಗಿಲ್ಲ. ತಂದೆ ಇದ್ದಾರೆ. ನಿವೃತ್ತ ಇತಿಹಾಸ ಶಿಕ್ಷಕರು. ತಾಯಿ ಹೋದಮೇಲೆ ಆ ಮನೆ ಬಿಟ್ಟು ನೀಡರ್‌ಹೋಫನ್‌ಗೆ ಬಂದು ಅಲ್ಲಿನ ಸಂಘದಲ್ಲಿ ಹಾಡುತ್ತಾರೆ. ಮಂದ್ರ ಸ್ವರದವರ ಸಾಲು, ಎಡಗಡೆಯ ಕೊನೆ. ನಿಮಗೆ ಅವರ ಪರಿಚಯವಿರಬಹುದು.

ವಂದನೆಗಳೊಂದಿಗೆ,
ಉಲ್ರಿಕೆ ಕ್ನಾಪ್
ಹಳೆಯ ಕಾಲದ ಬಟ್ಟೆ ಒಗೆಯುವವಳ ವೇಷದಲ್ಲಿ ಊರು ತೋರಿಸುವ 'ಒಗೆಯುವ ಲೀನೆ', ಶನಿವಾರ ಮತ್ತು ಭಾನುವಾರ


ನೀಡರ್‌ಹೋಫನ್
೧೩ ಜುಲೈ ೧೯೯೭

ಉಲ್ರಿಕೆ,

ನಿನ್ನ ಪತ್ರ ಅಡುಗೆಮನೆಯ ಮೇಜಿನ ಮೇಲೆಯೇ ಇದೆ. ಅದರ ಪಕ್ಕದಲ್ಲಿ ತಟ್ಟೆ ಇಟ್ಟುಕೊಂಡು ಊಟ ಮಾಡುತ್ತೇನೆ. ಎತ್ತಿಡಲು ಕೈ ಬಂದಿಲ್ಲ.

ಮೇ ತಿಂಗಳಲ್ಲಿ ಬರೆದದ್ದು ಪತ್ರವಲ್ಲ. ಪಾಠ ಓದದೆ ಬಂದ ಹುಡುಗರು ಕೊಡುತ್ತಿದ್ದರಲ್ಲ, ಅಂಥ ಕಾರಣಗಳು. ನಡೆದದ್ದನ್ನು ಈಗ ಬರೆಯುತ್ತೇನೆ.

ನಾನು ಈ ಊರಿಗೆ ಬಂದಾಗ ಯಾರ ಪರಿಚಯವೂ ಇರಲಿಲ್ಲ. ಗುರುವಾರದ ಅಭ್ಯಾಸ ಮುಗಿದಮೇಲೆ ಎಲ್ಲರೂ 'ಕುರಿಮರಿ' ಹೋಟೆಲಿನಲ್ಲಿ ಕೂರುತ್ತಾರೆ. ಅಲ್ಲಿ ವಾಲ್ಟರ್ ಶ್ಟೈಡ್ಲೆ, ಅಂದು ತೊಟ್ಟಿಯ ಬಳಿ ನೀನು ತಮಾಷೆಗೆ ಏಪ್ರನ್ ಕಟ್ಟಿದ ಆ ದಪ್ಪ ಮನುಷ್ಯ, ನಮ್ಮ ಅಧ್ಯಕ್ಷ, ಮಾಂಸದಂಗಡಿಯವನು, ಒಂದು ದಿನ ನನಗೆ ಮಕ್ಕಳಿದ್ದಾರೆಯೇ ಎಂದು ಕೇಳಿದ. ನೀನು ಡಾಕ್ಟರೇಟ್ ಪ್ರಬಂಧ ಅರ್ಧಕ್ಕೆ ಬಿಟ್ಟು ಪೂರ್ವಕ್ಕೆ ಹೋಗಿ ಕೆಲವೇ ವಾರಗಳಾಗಿದ್ದವು. ಅಲ್ಲಿನ ಜನರೆಲ್ಲ ಕೆಲಸ ಹುಡುಕಿ ಇತ್ತ ಬರುತ್ತಿದ್ದ ಕಾಲ. ಒಬ್ಬಳು ಮಗಳು, ಬರ್ಲಿನ್‌ನಲ್ಲಿ ಮ್ಯೂಸಿಯಮ್ಮಿನಲ್ಲಿದ್ದಾಳೆ ಎಂದೆ. ಅಷ್ಟಕ್ಕೇ ಮುಗಿಯುತ್ತದೆಂದುಕೊಂಡಿದ್ದೆ. ಆದರೆ ಜನ ಒಳ್ಳೆಯವರು, ನೆನಪಿಟ್ಟು ಕೇಳುತ್ತಾರೆ. ಹಬ್ಬಕ್ಕೆ ಬರ್ತಾಳಾ, ಕೆಲಸ ಹೇಗಿದೆ, ಬಡ್ತಿ ಸಿಕ್ತಾ. ಪ್ರತಿ ಸಲ ಏನಾದರೊಂದು ಸೇರಿಸಬೇಕಾಗುತ್ತಿತ್ತು. ಗುರುವಾರ ಮಧ್ಯಾಹ್ನವೇ ಯೋಚಿಸಿಟ್ಟುಕೊಳ್ಳುತ್ತಿದ್ದೆ. ಈಗ ನೀನು ಅಲ್ಲಿ ಒಂದು ವಿಭಾಗದ ಮುಖ್ಯಸ್ಥೆ.

ವೈಡೆನ್‌ಶ್ಟೆಟ್‌ಗೆ ಹೋಗೋಣವೆಂದು ಹೇಳಿದವನು ವಾಲ್ಟರ್. ಬೇಡವೆನ್ನಲು ನನ್ನ ಬಳಿ ಹೇಳಬಹುದಾದ ಕಾರಣವಿರಲಿಲ್ಲ. ಮಧ್ಯಾಹ್ನ ಎಲ್ಲರೂ ಕಾಫಿಗೆ ಕೂತಾಗ ತಲೆನೋವೆಂದು ಎದ್ದು ನಿನ್ನ ಮನೆಗೆ ಬರುವುದು ನನ್ನ ಯೋಜನೆ. ಚೀಲದಲ್ಲಿ ಅಮ್ಮ ಮಾಡುತ್ತಿದ್ದಂಥದೇ ಹಣ್ಣಿನ ಮುರಬ್ಬದ ಸೀಸೆ ಇತ್ತು. ಅಂದರೆ ಅದೂ ಕದ್ದುಮುಚ್ಚಿಯೇ.

ಕೋಟೆಬಾಗಿಲಿನ ಹತ್ತಿರ ಬುಟ್ಟಿ ಹೊತ್ತು, ಅಂಗಿಯ ತೋಳು ಮಡಚಿಕೊಂಡು ನೀನು ಬಂದೆ. ಗಂಡಸರೆಲ್ಲ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಆಮೇಲೆ ಎಲ್ಲರೂ ಏನಾದರೂ ಕೇಳುತ್ತಿದ್ದರು, ನಾನೊಬ್ಬನೇ ಸುಮ್ಮನಿದ್ದರೆ ಯಾರಿಗಾದರೂ ಸಂಶಯ ಬರಬಹುದು ಎನ್ನಿಸಿತು. ಅದಕ್ಕೆ ಆ ಪ್ರಶ್ನೆ ಕೇಳಿದೆ. ನಿನ್ನನ್ನು ನೀವು ಎಂದೆ.

ಕೊನೆಗೆ ನಿನಗೆ ಧನ್ಯವಾದ ಹೇಳಲು ಸಂಘದ ರೂಢಿಯಂತೆ ತೊಟ್ಟಿಯ ಮುಂದೆ ಸಾಲಾಗಿ ನಿಂತು ಹಾಡಿದೆವಲ್ಲ. ಎರಡನೆಯ ಚರಣದಲ್ಲಿ ಉಳಿದ ಸ್ವರಗಳು ನಿಂತು ಮಂದ್ರದವರು ಮಾತ್ರ ಹಾಡುವ ಜಾಗವೊಂದಿದೆ. ಅಲ್ಲಿ ನನ್ನ ಗಂಟಲು ಕಟ್ಟಿತು ಎಂದು ಬರೆಯಬಹುದಿತ್ತು. ಕಟ್ಟಲಿಲ್ಲ. ನಡುಗಲೂ ಇಲ್ಲ. ನಿರ್ದೇಶಕರ ಕೈಯನ್ನೇ ನೋಡುತ್ತ ಸರಿಯಾಗಿ ಹಾಡಿದೆ. ಬಸ್ಸಿನಲ್ಲಿ ಅವರು, "ರೈನ್‌ಹೋಲ್ಡ್, ಇವತ್ತು ಬಹಳ ಚೆನ್ನಾಗಿತ್ತು" ಅಂದರು.

ಸೀಸೆಯನ್ನು ವಾಪಸು ತಂದೆ. ಅದನ್ನು ಇನ್ನೂ ತೆರೆದಿಲ್ಲ.

ನಿನ್ನ ಅಪ್ಪ


ವೈಡೆನ್‌ಶ್ಟೆಟ್
೨೪ ಆಗಸ್ಟ್ ೧೯೯೭

ಅಪ್ಪಾ,

ಉತ್ತರ ಬರೆಯಲು ಇಷ್ಟು ದಿನ ಹಿಡಿದದ್ದು ಕೋಪದಿಂದಲ್ಲ. ನನ್ನ ಕಡೆಯೂ ಒಂದು ಸಂಗತಿಯಿದೆ, ಅದನ್ನು ಹೇಳದೆ ನಿನ್ನನ್ನು ಬೈಯುವುದು ಸರಿಯಲ್ಲ ಎನ್ನಿಸಿತು.

ನಿಮ್ಮ ಸಂಘ ಬರುತ್ತದೆಂದು ನನಗೆ ಈಸ್ಟರ್‌ಗೆ ಮುಂಚೆಯೇ ಗೊತ್ತಿತ್ತು. ಕಚೇರಿಯ ಗೋಡೆಯ ಮೇಲೆ ಯಾವ ದಿನ ಯಾವ ಗುಂಪು ಎಂದು ಬರೆದಿರುತ್ತಾರೆ. ನನ್ನ ಜೊತೆಯವಳು ಹೈಕೆ ನನ್ನ ಮುಖ ನೋಡಿ, "ನಾನು ಹೋಗ್ತೀನಿ ಬಿಡೇ, ನೀನು ಮನೇಲಿರು" ಅಂದಳು. ನಾನೇ ಹೋಗುತ್ತೇನೆ ಎಂದೆ. ನನ್ನನ್ನು ಈ ವೇಷದಲ್ಲಿ ನೀನು ನೋಡಬೇಕೆಂದು.

ಪ್ರತಿ ಗುಂಪಿನಲ್ಲೂ ಒಬ್ಬ ಗಂಡಸನ್ನು ಹಿಡಿದು ಏಪ್ರನ್ ಕಟ್ಟಿ, ಬಟ್ಟೆ ಬಡಿಯುವ ಮರದ ಹಲಗೆ ಕೈಗೆ ಕೊಡುವುದು ಇಲ್ಲಿಯ ಪದ್ಧತಿ. ಒಗೆಯುವವಳಿಗೆ ಹೆಸರು ಮುಖ್ಯವಲ್ಲ, ಬಟ್ಟೆ ಯಾವ ಮನೆಯದೆಂದು ತಿಳಿಯಬೇಕು. ಅದಕ್ಕೆ ಲೀನೆ ಮೊದಲು ಕೇಳುವುದೇ, "ಯಾರ ಮನೆಯವನು ನೀನು?" ನಾನು ನಿನ್ನನ್ನೇ ಎಳೆಯಬೇಕೆಂದಿದ್ದೆ. ಆ ಪ್ರಶ್ನೆ ಕೇಳಿದರೆ ನೀನು ಏನು ಹೇಳುತ್ತೀಯೆಂದು ವಾರಗಟ್ಟಲೆ ಊಹಿಸಿದ್ದೆ. ಬಾಗಿಲಲ್ಲಿ ನಿನ್ನ ಮುಖ ನೋಡಿದಮೇಲೆ ಆಗಲಿಲ್ಲ. ಪಕ್ಕದಲ್ಲಿದ್ದ ಶ್ಟೈಡ್ಲೆಯವರ ತೋಳು ಹಿಡಿದೆ.

ಅವರು ಒಳ್ಳೆಯವರು. ಹಲಗೆ ಬಡಿಯುತ್ತ, "ನಮ್ಮನೆ ಕೇಳಿದ್ಯಲ್ಲ, ನಿನ್ ಕಥೆ ಹೇಳು. ನಿಮ್ಮಪ್ಪ ಏನ್ ಮಾಡ್ತಾನಮ್ಮಾ?" ಎಂದು ಕೇಳಿದರು. ನೀನು ಮೂರು ಹೆಜ್ಜೆ ಆಚೆಗಿದ್ದೆ.

"ನಮ್ಮಪ್ಪನಾ? ಗೋಪುರದಲ್ಲಿ ಗಂಟೆ ಹೊಡೀತಾನೆ. ಗಂಟೆ ಬಿಟ್ರೆ ಬೇರೇನೂ ಕಿವಿಗೆ ಬೀಳಲ್ಲ."

ಎಲ್ಲರೂ ನಕ್ಕರು. ನೀನೂ ನಕ್ಕೆ. ಈ ಬೇಸಿಗೆಯೆಲ್ಲ ನೀನು ನಕ್ಕಿದ್ದಕ್ಕೆ ನಿನ್ನನ್ನು ಬೈದುಕೊಂಡೆ. ಆದರೆ ನಗಿಸಿದವಳು ನಾನು. 'ಅಗೋ, ಅಲ್ಲಿ ನಿಂತಿದ್ದಾನೆ' ಅನ್ನಬಹುದಿತ್ತು. ಅಂದಿದ್ದರೆ ಮುಗಿದುಹೋಗುತ್ತಿತ್ತು. ನಿನ್ನ ಅಂಜಿಕೆಗೆ ನಾನು ಬಾಗಿಲು ತೆರೆದುಕೊಟ್ಟೆ, ನೀನು ಅದರಲ್ಲಿ ಹೊರಟುಹೋದೆ. ನನಗೆ ನನ್ನ ಕೆಲಸದ ಬಗ್ಗೆ ನಾಚಿಕೆಯಿಲ್ಲ ಅಪ್ಪಾ. ಆ ಮಾತಿನ ಬಗ್ಗೆ ಇದೆ.

ಇನ್ನು ನನ್ನ ಹತ್ತಿರ ಕ್ಷಮೆ ಕೇಳಿ ಬರೆಯಬೇಡ. ನಡೆದದ್ದು ನನಗೆ ಗೊತ್ತು. ಗೊತ್ತಿಲ್ಲದವರು ನಿನ್ನ ಸಂಘದವರು. ಅವರಿಗೆ ಹೇಳು, ಆಮೇಲೆ ಬಾ. ಕದ್ದು ಬರುವುದಾದರೆ ಸೀಸೆ ಅಲ್ಲೇ ಇರಲಿ.

ಉಲ್ರಿಕೆ


ನೀಡರ್‌ಹೋಫನ್
೧೯ ಅಕ್ಟೋಬರ್ ೧೯೯೭

ಪ್ರೀತಿಯ ಉಲ್ರಿಕೆ,

ಗುರುವಾರದ ಸಂಗತಿ ಬರೆಯುತ್ತೇನೆ. ಬರೆಯದೆ ಇರುವ ಆಸೆಯಿತ್ತು.

ಶರತ್ಕಾಲದಲ್ಲಿ ಒಂದು ಸಂಜೆ ಆ ವರ್ಷದ ಪ್ರವಾಸದ ಸ್ಲೈಡುಗಳನ್ನು ತೋರಿಸುವುದು ಸಂಘದ ವಾಡಿಕೆ. 'ಕುರಿಮರಿ'ಯ ಹಿಂದಿನ ಕೋಣೆ, ಗೋಡೆಗೆ ಬಿಳಿ ಹಾಸು. ಹೆಂಡತಿಯರೂ ಬರುತ್ತಾರೆ. ಆಲೂಗೆಡ್ಡೆ ಸಲಾಡ್ ಇರುತ್ತದೆ, ಹೊಸ ವೈನ್ ಇರುತ್ತದೆ. ಚಿತ್ರ ತೆಗೆಯುವವನು ವಾಲ್ಟರನ ಭಾವಮೈದುನ. ಒಂದನ್ನೂ ಬಿಡುವುದಿಲ್ಲ. ದಾರಿಯ ಶೌಚಾಲಯದ ಮುಂದೆ ನಿಂತ ಸಾಲೂ ಇತ್ತು.

ಆಮೇಲೆ ನೀನು ಬಂದೆ. ಗೋಡೆಯಷ್ಟು ದೊಡ್ಡದಾಗಿ. ಬುಟ್ಟಿ, ಬಿಳಿ ಟೋಪಿ, ಬಾಯಿ ತೆರೆದು ಏನೋ ಹೇಳುತ್ತಿದ್ದೀಯ. ವಾಲ್ಟರ್ ಏಪ್ರನ್ನಿನಲ್ಲಿ ಬಂದಾಗ ಕೋಣೆಯೇ ಎದ್ದು ಕೂಗಿತು. ಅದರ ನಂತರದ ಚಿತ್ರದಲ್ಲಿ ನೀನು ಪಕ್ಕಕ್ಕೆ ತಿರುಗಿದ್ದೀಯ. ಹಿಂದೆ ನಾನು, ನಾನೂ ಅದೇ ಕಡೆ ತಿರುಗಿದ್ದೇನೆ. ಅದನ್ನು ಯಾರು ನೋಡಿದರೂ ತಿಳಿಯುತ್ತಿತ್ತು. ವಾಲ್ಟರನ ಹೆಂಡತಿ ಎಲ್ಫ್ರೀಡೆ ನೋಡಿದರು.

"ಅಯ್ಯೋ ನೋಡ್ರೀ, ಆ ಹುಡುಗಿಗೆ ನಮ್ ರೈನ್‌ಹೋಲ್ಡ್‌ದೇ ಗದ್ದ!"

ನಗು. ನಾನು ಹೇಳಿದೆ, "ಅವಳು ನನ್ನ ಮಗಳು."

ಮೆಲ್ಲಗಲ್ಲ, ಎಲ್ಲರಿಗೂ ಕೇಳಿಸುವಂತೆಯೇ ಹೇಳಿದೆ. ಆಮೇಲೆ ಮೊದಲಿಗಿಂತ ದೊಡ್ಡ ನಗು. "ಹಂಗಾದ್ರೆ ನಾನು ಪೋಪ್‌ನ ಅಳಿಯ" ಅಂದ ವಾಲ್ಟರ್. ಇನ್ಯಾರೋ, "ಬರ್ಲಿನ್ನಿನವಳಿಗೆ ಹೇಳ್ತೀವಿ, ನಿಮ್ಮಪ್ಪ ಪೂರ್ವದಲ್ಲಿ ಇನ್ನೊಂದು ಇಟ್ಕೊಂಡಿದಾನೆ ಅಂತ" ಅಂದ. ಹೆಂಗಸರು ಅವನನ್ನು ಗದರಿಸುತ್ತ ನಕ್ಕರು. ನಾನೆಂದೂ ತಮಾಷೆ ಮಾಡಿದವನಲ್ಲ, ಅದಕ್ಕೇ ಅವರಿಗೆ ಅದು ಅಷ್ಟು ಹಿಡಿಸಿತು. ಒಬ್ಬ ನನ್ನ ಬೆನ್ನು ತಟ್ಟಿದ.

ಐದು ವರ್ಷ ಸುಳ್ಳನ್ನು ಎಷ್ಟು ಜೋಪಾನವಾಗಿ ಬೆಳೆಸಿದ್ದೆನೆಂದರೆ ನಿಜ ಹೇಳಿದರೆ ನಂಬುವವರಿಲ್ಲ. ನಾನು ಎದ್ದು, ಇಲ್ಲ, ನಿಜ ಎನ್ನಬೇಕಿತ್ತು. ಮುಂದಿನ ಚಿತ್ರ ಬಂತು. ಚರ್ಚಿನ ಗೋಪುರ. ನಾನು ಸಲಾಡ್ ತಿಂದೆ.

ನಾನು ಹೇಳಲಿಲ್ಲ ಎಂದು ಅನ್ನಬೇಡ. ಹೇಳಿದೆ ಎಂದೂ ನಾನು ಅನ್ನುವಂತಿಲ್ಲ.

ನಿನ್ನ ಅಪ್ಪ


ವೈಡೆನ್‌ಶ್ಟೆಟ್
೨ ನವೆಂಬರ್ ೧೯೯೭

ಅಪ್ಪಾ,

ಸ್ಲೈಡಿನ ಕತ್ತಲಲ್ಲಿ ಹೇಳಿದೆ ನೀನು. ದೀಪ ಹಾಕಿದಮೇಲೆ ಎಷ್ಟು ಹೊತ್ತು ಅಲ್ಲೇ ಕೂತಿದ್ದೆ?

ಇಲ್ಲಿ ಚಳಿ ಶುರುವಾಯಿತು. ತೊಟ್ಟಿಯ ನೀರು ನಿಲ್ಲಿಸಿ ಮೇಲೆ ಹಲಗೆ ಮುಚ್ಚಿದ್ದಾರೆ. ಇನ್ನು ವಸಂತದವರೆಗೆ ಲೀನೆ ಇಲ್ಲ. ನಾನು ಬೇಕರಿಯಲ್ಲಿ ಕೆಲಸಕ್ಕೆ ಹೋಗುತ್ತೇನೆ. ಇದನ್ನು ಬೇಕಾದರೆ ವಿಭಾಗದ ಮುಖ್ಯಸ್ಥೆಯ ಚಳಿಗಾಲದ ರಜೆ ಎಂದು ಹೇಳಬಹುದು.

ಈ ಕೊನೆಯ ಸಾಲು ಹೊಡೆದುಹಾಕಬೇಕೆಂದಿದ್ದೆ. ಇರಲಿ.

ಉಲ್ರಿಕೆ


ನೀಡರ್‌ಹೋಫನ್
೧೪ ಡಿಸೆಂಬರ್ ೧೯೯೭

ಪ್ರೀತಿಯ ಉಲ್ರಿಕೆ,

ಹೇಳಿದ್ದೇನೆ. ದೀಪ ಹಾಕಿತ್ತು.

ಕ್ರಿಸ್ಮಸ್ ಹಾಡುಗಳ ಅಭ್ಯಾಸ ಮುಗಿದು, ಕೊನೆಗೆ ಗಂಟಲು ಸಡಿಲವಾಗಲೆಂದು ನಿರ್ದೇಶಕರು ಆ ಧನ್ಯವಾದದ ಹಾಡನ್ನೇ ಎತ್ತಿದರು. ಎರಡನೆಯ ಚರಣ ಬಂತು. ಉಳಿದವರು ನಿಂತರು. ಮಂದ್ರದಲ್ಲಿ ಈಗ ಗಟ್ಟಿ ಸ್ವರವಿರುವವನು ನಾನೊಬ್ಬನೇ. ನಾನು ಬಾಯಿ ತೆರೆಯಲಿಲ್ಲ. ಪಕ್ಕದ ಇಬ್ಬರು ಮುದುಕರು ತಡವರಿಸಿ ನಿಂತುಬಿಟ್ಟರು. ನಿರ್ದೇಶಕರು ಕೈ ಇಳಿಸಿ, ಮಂದ್ರ ಎಲ್ಲಿ ಹೋಯಿತು ಎಂದು ಕೇಳಿದರು.

ಎದ್ದು ನಿಂತೆ. ವೈಡೆನ್‌ಶ್ಟೆಟ್‌ನಲ್ಲಿ ನಮಗೆ ಊರು ತೋರಿಸಿದವಳು ನನ್ನ ಮಗಳು ಉಲ್ರಿಕೆ, ಬರ್ಲಿನ್‌ನಲ್ಲಿ ನನಗೆ ಯಾರೂ ಇಲ್ಲ, ಇದು ತಮಾಷೆಯಲ್ಲ ಎಂದೆ. ತರಗತಿಯಲ್ಲಿ ಹೇಳುತ್ತಿದ್ದ ಧ್ವನಿಯಲ್ಲೇ ಬಂತು. ಬೇರೆ ಧ್ವನಿ ನನಗೆ ಬರುವುದಿಲ್ಲ.

ಈ ಸಲ ಯಾರೂ ನಗಲಿಲ್ಲ. ನಗಲಿ ಎನ್ನಿಸಿತು. ಹಾಡಿನ ಹಾಳೆಗಳನ್ನು ನೋಡುತ್ತ ಕೂತರು. ವಾಲ್ಟರ್ ತನ್ನ ಹಾಳೆ ಮಡಚಿಟ್ಟು ನನ್ನತ್ತ ತಿರುಗಿದ.

"ಅವತ್ತು ನಾನು ಅವಳನ್ನ ಕೇಳ್ದಾಗ ನೀನು ಅಲ್ಲೇ ಇದ್ಯಲ್ಲೋ. ನಿಮ್ಮಪ್ಪ ಏನ್ ಮಾಡ್ತಾನೆ ಅಂತ ಕೇಳ್ದೆ."

ಇದ್ದೆ ಎಂದೆ.

"ನನ್ನ ಕೈಲಿ ಆ ಮಾತು ಕೇಳಿಸ್ಬಿಟ್ಯಲ್ಲೋ."

ಅವನು ಸಿಟ್ಟಿನಿಂದ ಹೇಳಿದ್ದರೆ ತಡೆದುಕೊಳ್ಳಬಹುದಿತ್ತು. ಅವನ ಮುಖ ಕೆಂಪಾಗಿತ್ತು. ನಾಚಿಕೆ ನನಗಾಗಬೇಕಾದದ್ದು, ಅವನು ಪಡುತ್ತಿದ್ದ. ಐದು ವರ್ಷ ನಿನ್ನ ಕ್ಷೇಮ ವಿಚಾರಿಸಿದ ಮನುಷ್ಯ. ನಿನ್ನ ಬಗ್ಗೆ ನಾಚಿ ಸುಳ್ಳು ಹೇಳಿದೆನೆಂದು ತಿಳಿದುಕೊಂಡಿದ್ದೆ. ಅವರ ಬಗ್ಗೆಯೂ ನಾನು ಎಷ್ಟು ಕೀಳಾಗಿ ಯೋಚಿಸಿದ್ದೆನೆಂದು ಆಗ ಕಾಣಿಸಿತು. ಮಗಳು ಬಟ್ಟೆ ಒಗೆಯುವವಳ ವೇಷ ಹಾಕಿ ದುಡಿಯುತ್ತಾಳೆಂದರೆ ಈ ಮಾಂಸದಂಗಡಿಯವನು, ಈ ಬಡಗಿ, ಈ ಅಂಚೆಯವನು ನನ್ನನ್ನು ಕಡೆಗಣಿಸುತ್ತಾರೆ ಎಂದಲ್ಲವೇ ನಾನು ತಿಳಿದದ್ದು?

ಆಮೇಲೆ ಎಲ್ಲರೂ 'ಕುರಿಮರಿ'ಗೆ ಹೊರಟರು. ಬಾ ಎಂದು ಯಾರೂ ಕರೆಯಲಿಲ್ಲ, ಬೇಡವೆಂದೂ ಹೇಳಲಿಲ್ಲ. ನಾನು ಮನೆಗೆ ಬಂದೆ. ಮರುದಿನ ಸಂಘ ಬಿಡುವುದಾಗಿ ಬರೆದುಕೊಟ್ಟೆ.

ಹೇಳಿದಮೇಲೆ ಬಾ ಎಂದಿದ್ದೆ ನೀನು. ಈಗ ಬರಲು ಮುಖವಿಲ್ಲ. ಹೀಗಾಗುತ್ತದೆಂದು ನಾನು ಎಣಿಸಿರಲಿಲ್ಲ.

ಅಪ್ಪ


ನೀಡರ್‌ಹೋಫನ್
೧೮ ಜನವರಿ ೧೯೯೮

ಪ್ರಿಯ ಉಲ್ರಿಕೆ ಅವರಿಗೆ,

ನಾನು ವಾಲ್ಟರ್ ಶ್ಟೈಡ್ಲೆ, ನೀವು ಏಪ್ರನ್ ಕಟ್ಟಿದವನು. ಬರೆದು ಅಭ್ಯಾಸವಿಲ್ಲ, ತಪ್ಪಿದ್ದರೆ ಮನ್ನಿಸಿ. ವಿಳಾಸ ನಿಮ್ಮ ಊರಿನ ಪ್ರವಾಸಿ ಕಚೇರಿಯಿಂದ ತೆಗೆದುಕೊಂಡೆ.

ಮೊದಲು ಒಂದು ಮಾತು. ಅಂದು ನಾನು ಕೇಳಿದ ಪ್ರಶ್ನೆ ನಿಮಗೆ ಹೇಗಾಗಿರಬಹುದೆಂದು ಎಲ್ಫ್ರೀಡೆ ಈಗಲೂ ನನ್ನನ್ನು ಬೈಯುತ್ತಾಳೆ. ನನಗೆ ಗೊತ್ತಿರಲಿಲ್ಲ. ಆದರೂ ಕೇಳಿದವನು ನಾನೇ.

ನಿಮ್ಮ ತಂದೆ ಸಂಘ ಬಿಡುತ್ತೇನೆಂದು ಕಾಗದ ಕೊಟ್ಟರು. ನಾನು ಅದನ್ನು ಅವರ ಅಂಚೆಪೆಟ್ಟಿಗೆಗೇ ವಾಪಸು ಹಾಕಿ ಬಂದೆ. ಅವರ ಮೇಲೆ ನನಗೆ ಕೋಪ ಹೋಗಿಲ್ಲ, ಅದು ಬೇರೆ ವಿಷಯ. ಮಂದ್ರಕ್ಕೆ ಬೇರೆ ಜನ ಇಲ್ಲ. ಅವರು ಎರಡು ಗುರುವಾರ ಬರಲಿಲ್ಲ. ಮೂರನೆಯ ಗುರುವಾರ ನಾನೇ ಹೋಗಿ ಕರೆತಂದೆ.

ಒಂದೇ ಊರಿಗೆ ಎರಡು ಸಲ ಹೋದ ಚರಿತ್ರೆ ನಮ್ಮ ಸಂಘಕ್ಕಿಲ್ಲ. ಈ ವರ್ಷ ಮೇ ತಿಂಗಳ ಎರಡನೆಯ ಶನಿವಾರ ಮತ್ತೆ ವೈಡೆನ್‌ಶ್ಟೆಟ್ ಎಂದು ಕೈ ಎತ್ತಿ ತೀರ್ಮಾನಿಸಿದ್ದೇವೆ. ನಿಮ್ಮ ತಂದೆ ಮಾತ್ರ ಕೈ ಎತ್ತಲಿಲ್ಲ, ತಲೆಯನ್ನೂ ಎತ್ತಲಿಲ್ಲ. ನಮಗೆ ಒಗೆಯುವ ಲೀನೆಯೇ ಬೇಕು, ಬೇರೆಯವರು ಬೇಡ. ಹೋದ ವರ್ಷ ಹಾಡಿದ್ದನ್ನು ಇನ್ನೊಂದು ಸಲ ಹಾಡಬೇಕು. ಯಾರಿಗೆ ಹಾಡುತ್ತಿದ್ದೇವೆಂದು ಆಗ ನಮಗೆ ತಿಳಿದಿರಲಿಲ್ಲ.

ಮತ್ತೆ, ಏಪ್ರನ್ ಈ ಸಲ ನನಗೆ ಬೇಡ. ಬೆನ್ನು ನೋವು.

ನಿಮ್ಮ
ವಾಲ್ಟರ್ ಶ್ಟೈಡ್ಲೆ


ವೈಡೆನ್‌ಶ್ಟೆಟ್
೧ ಫೆಬ್ರವರಿ ೧೯೯೮

ಅಪ್ಪಾ,

ಶ್ಟೈಡ್ಲೆಯವರ ಪತ್ರ ಬಂತು. ಕಚೇರಿಯ ಗೋಡೆಯ ಮೇಲೆ ನಿಮ್ಮ ಸಂಘದ ಹೆಸರನ್ನು ನಾನೇ ಬರೆದೆ.

ಮುಖವಿಲ್ಲ ಎಂದು ಬರೆದಿದ್ದೀಯ. ನನಗೂ ಹೆಚ್ಚೇನಿಲ್ಲ. ಗೋಪುರದ ಗಂಟೆಯವನ ಮಾತನ್ನು ಆಮೇಲೆ ನಾನು ಯಾವ ಗುಂಪಿಗೂ ಹೇಳಿಲ್ಲ. ಯಾರಾದರೂ ಅಪ್ಪನ ಬಗ್ಗೆ ಕೇಳಿದರೆ ಲೀನೆ ಬುಟ್ಟಿ ಎತ್ತಿಕೊಂಡು ಮುಂದೆ ಹೋಗುತ್ತಾಳೆ.

ಸೀಸೆ ತಾ. ಕೈಯಲ್ಲೇ ಹಿಡಿದುಕೊಂಡು ಬಾ, ಚೀಲದಲ್ಲಿ ಬೇಡ.

ಮೇ ತಿಂಗಳಲ್ಲಿ ತೊಟ್ಟಿಗೆ ಮತ್ತೆ ನೀರು ಬಿಟ್ಟಿರುತ್ತಾರೆ, ಅದರ ಸದ್ದು ಜೋರು. ನಾನು ಎಡಗಡೆಯ ಕೊನೆಗೆ ಬಂದು ನಿನ್ನ ತೋಳು ಹಿಡಿದು, ಯಾರ ಮನೆಯವನು ನೀನು ಎಂದು ಕೇಳುವುದು ಒಂದೇ ಸಲ. ಹಿಂದಿನ ಸಾಲಿಗೂ ಕೇಳಿಸುವಂತೆ ಹೇಳಬೇಕು.

ಉಲ್ರಿಕೆ